ಹಗ್ಗದ ಬೆಲೆ: ನುಲಿಯ ಚಂದಯ್ಯನ ಕಾಯಕನಿಷ್ಠೆ

ಸರಕು ಸಿದ್ಧವಾದ ಮಾತ್ರಕ್ಕೆ ಕಾಯಕವು ಮುಗಿಯುವುದಿಲ್ಲ. ಅದು ಕೊಳ್ಳುವವನ ಕೈಸೇರಿ, ತಕ್ಕ ಬೆಲೆ ಬಂದು, ಆ ಬೆಲೆಯು ದಾಸೋಹಕ್ಕೆ ಸಂದಾಗಲೇ ಪೂರ್ಣವಾಗುವುದು. ಆದುದರಿಂದ ಮಾರಾಟದ ಮಾತುಕತೆಯೂ ಕಾಯಕದ ಒಂದು ಅಂಗವೇ ಸರಿ. ಅದು ಹಾದಿ ತಪ್ಪಿದರೆ ಕಾಯಕವೇ ಕೆಡುವುದೆಂಬುದಕ್ಕೆ ನುಲಿಯ ಚಂದಯ್ಯನ ಕಥೆಯು ನಿದರ್ಶನ.

12ನೆಯ ಶತಮಾನದ ಈ ಶರಣನು ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮದಾಸೋಹವನ್ನು ನಡೆಸುತ್ತಿದ್ದನು. ಒಮ್ಮೆ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಕಳಚಿ ನೀರಿಗೆ ಬಿದ್ದರೂ ಅವನು ಕಾಯಕವನ್ನು ನಿಲ್ಲಿಸಲಿಲ್ಲ. ಬೆನ್ನುಹತ್ತಿ ಬಂದ ಲಿಂಗವನ್ನು, ಮಡಿವಾಳ ಮಾಚಯ್ಯನ ಮಾತಿಗೆ ಮಣಿದು, ಅದೂ ಕಾಯಕ ಮಾಡಬೇಕೆಂಬ ಕಟ್ಟಳೆಯ ಮೇಲೆ ಒಪ್ಪಿಕೊಂಡನೆಂದು ಶರಣಕಥೆಗಳು ಹೇಳುತ್ತವೆ. ಲಿಂಗದ ಪಾಲಿಗೆ ಬಂದುದು ಹಗ್ಗ ಮಾರುವ ಕೆಲಸ.

ಲಿಂಗವು ಹಗ್ಗವನ್ನು ಬಸವಣ್ಣನವರ ಬಳಿಗೆ ಒಯ್ದಿತು. ಅಲ್ಲಿ ವ್ಯಾಪಾರವು ವ್ಯಾಪಾರವಾಗಿ ಉಳಿಯಲಿಲ್ಲ. ಮಾರಬಂದವನಾರೆಂಬುದನ್ನು ಅರಿತ ಬಸವಣ್ಣನವರು ಭಕ್ತಿಯಿಂದ ಸಾವಿರ ಹೊನ್ನು ಕೊಟ್ಟರು. ಅದನ್ನು ಕಂಡು ಚಂದಯ್ಯನು ಹಿಗ್ಗಲಿಲ್ಲ. ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಹೆಚ್ಚಿನದು ತನಗೆ ಬೇಡವೆಂದನು.

ಲೋಕದ ಕಣ್ಣಿಗೆ ಇದು ಕೈಗೆ ಬಂದ ಲಾಭವನ್ನು ಒದ್ದಂತೆ. ಆದರೆ ಸಾವಿರ ಹೊನ್ನು ಮನೆ ಸೇರಿದ ಮೇಲೆ ಹುಲ್ಲು ಕೊಯ್ಯುವ ಅಗತ್ಯವೆಲ್ಲಿ? ಜಂಗಮನಿಗೆ ಬಡಿಸಿದ ಅನ್ನವು ಕೊಟ್ಟವರ ಔದಾರ್ಯದ್ದಾಗುವುದೇ ಹೊರತು ಚಂದಯ್ಯನ ಬೆವರಿನದಾಗದು. ಅಯ್ದಕ್ಕಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಅದನ್ನು ಹಿಂದಿರುಗಿಸಿದುದರ ಮರ್ಮವೂ ಇದೇ.

ಈ ಅಳತೆಗೋಲು ಕೊಳ್ಳುವವನಿಗೂ ಅನ್ವಯಿಸುತ್ತದೆ. 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ರೈತರು ಶೇಂಗಾ, ಮೆಕ್ಕೆಜೋಳ ಮೊದಲಾದ ಬೆಳೆಗಳನ್ನು ಮಾರಿ ಬಾಳುವವರು. ಹಡಗಲಿಯ ಮಲ್ಲಿಗೆಯನ್ನೇ ನೋಡಬಹುದು. ಮೊಗ್ಗು ಅರಳುವ ಮುನ್ನವೇ ಅದು ಪೇಟೆಯನ್ನು ಮುಟ್ಟಬೇಕು. ತಡವಾದರೆ ಬೆಳೆದವನ ಶ್ರಮವು ಬಾಡಿಹೋಗುವುದು. ಆ ಅವಸರವನ್ನು ಅರಿತು ಕೊಳ್ಳುವವನು ಬೆಲೆಯನ್ನು ಅಮುಕಿದರೆ, ಅಲ್ಲಿ ತೂಗಿದುದು ಹೂವನ್ನಲ್ಲ, ಮಾರುವವನ ಸಂಕಟವನ್ನು. ಹಾಗೆಯೇ ಹಳೆಯ ಸಾಲ, ನಂಟಸ್ತಿಕೆ, ಪ್ರತಿಷ್ಠೆಗಳು ಮಾತಿನ ನಡುವೆ ನುಸುಳಿದಾಗಲೂ ಸರಕು ಮರೆಯಾಗಿ ವ್ಯವಹಾರವು ದಿಕ್ಕು ತಪ್ಪುವುದು.

ಬಸವಣ್ಣನವರ ಕೊಡುಗೆಯು ಭಕ್ತಿಯಿಂದ ಬಂದುದು; ಸಂತೆಯ ಚೌಕಾಸಿಯು ಆಸೆಯಿಂದ ಬರುವಂಥದು. ಭಕ್ತಿಯಿಂದ ಬಂದ ಹೆಚ್ಚಳವನ್ನೇ ಚಂದಯ್ಯನು ಒಲ್ಲೆನೆಂದ ಮೇಲೆ, ಆಸೆಯಿಂದ ಕಿತ್ತುಕೊಂಡುದನ್ನು ಭಕ್ತನು ಯಾವ ಮುಖದಿಂದ ದಾಸೋಹಕ್ಕೆ ತರಬಲ್ಲನು? ಪೇಟೆಯಿಂದ ಮರಳುವಾಗ ಗಂಟಿನಲ್ಲಿರುವ ಹಣವೆಷ್ಟೆಂದು ಎಣಿಸುವ ಮುನ್ನ, ಅದರಲ್ಲಿ ತನ್ನ ಕಾಯಕಕ್ಕೆ ಸಂದುದೆಷ್ಟೆಂದು ಸಾಧಕನು ವಿಚಾರಿಸಿಕೊಳ್ಳಬೇಕು. ಉಳಿದುದು ಯಾರದೋ ಅವರಿಗೆ ಮುಟ್ಟಬೇಕು.