ಪಾಳಿ ಮುಗಿಸಿ ಬಂದವರಿಗೊಂದು ಪದವಿ: ದೂರಶಿಕ್ಷಣ ಕೋರ್ಸ್ ಕಟ್ಟುವವರಿಗೆ ಎಂಟು ಸೂತ್ರ

ಸುರತ್ಕಲ್ ಎಂದರೆ ಹೊರಗಿನವರಿಗೆ ಎನ್‌ಐಟಿಕೆ. ಉಳ್ಳಾಲ ಶ್ರೀನಿವಾಸ ಮಲ್ಯರ ಪ್ರಯತ್ನದಿಂದ 1960ರಲ್ಲಿ ಕೆಆರ್‌ಇಸಿಯಾಗಿ ಹುಟ್ಟಿದ ಕಾಲೇಜು ಅದು. ಅದರ ಎದುರಿನ ಹೆದ್ದಾರಿಯಲ್ಲೇ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರ, ಪಣಂಬೂರು ಬಂದರು, ಬೈಕಂಪಾಡಿಯ ಕಾರ್ಖಾನೆಗಳ ಕೆಲಸಗಾರರೂ ದಿನವೂ ಓಡಾಡುತ್ತಾರೆ. ಪಿಯುಸಿಗೆ ಓದು ನಿಲ್ಲಿಸಿ ಕೆಲಸಕ್ಕೆ ಸೇರಿದವರು ಅವರಲ್ಲಿದ್ದಾರೆ. ದೂರಶಿಕ್ಷಣದ ಪದವಿ ಅವರ ಕೈಗೆ ಸಿಗಬೇಕು. ಅಂಥದ್ದೊಂದು ಕೋರ್ಸ್ ರೂಪಿಸಲು ಹೊರಟ ಅಧ್ಯಾಪಕರಿಗೆ ಈ ಮಾತುಗಳು.

1. ಸಿಲಬಸ್‌ಗಿಂತ ಮೊದಲು ವಿದ್ಯಾರ್ಥಿಯ ವಾರವನ್ನು ಬರೆಯಿರಿ. ಯುಜಿಸಿ ಲೆಕ್ಕದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ಸೆಮಿಸ್ಟರ್‌ಗೆ 20 ಕ್ರೆಡಿಟ್ ಇಟ್ಟರೆ 600 ಗಂಟೆ. 20 ವಾರಕ್ಕೆ ಹಂಚಿದರೆ ವಾರಕ್ಕೆ 30 ಗಂಟೆ. ಎಂಟು ಗಂಟೆ ಪಾಳಿ ಮಾಡಿ ಕಾಟಿಪಳ್ಳದ ಮನೆಗೆ ಹೋಗುವವರಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಹೆಚ್ಚು ವರ್ಷ ತೆಗೆದುಕೊಂಡು ನಿಧಾನಕ್ಕೆ ಓದುವ ದಾರಿಯನ್ನೂ ಮೊದಲ ದಿನವೇ ಪ್ರಾಸ್ಪೆಕ್ಟಸ್‌ನಲ್ಲಿ ಮುದ್ರಿಸಿ. ಆಗ ತಡವಾಗಿ ಮುಗಿಸಿದವರಿಗೆ ಸೋತೆವೆಂಬ ಭಾವ ಬರುವುದಿಲ್ಲ.

2. ಆಗದ ಪದವಿಯ ಆಸೆ ಹುಟ್ಟಿಸಬೇಡಿ. ಈ ಊರಲ್ಲಿ ಡಿಪ್ಲೊಮಾ ಮಾಡಿದವರು ಮೊದಲು ಕೇಳುವುದೇ ಬಿಇ. ಎಂಜಿನಿಯರಿಂಗ್, ನರ್ಸಿಂಗ್, ಕಾನೂನು ಇವನ್ನು ದೂರಶಿಕ್ಷಣದಲ್ಲಿ ಕೊಡಲು ಯುಜಿಸಿ ಬಿಡುವುದಿಲ್ಲ. ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅಂಚೆಯಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಕಟ್ಟುನಿಟ್ಟಿನ ತೀರ್ಪು ಕೊಟ್ಟಿತು. ವರ್ಷಗಟ್ಟಲೆ ಓದಿದವರು ಕಂಗಾಲಾದರು. ಬಿಕಾಂ, ಬಿಎ ಮಾಡಬಹುದು. ಎಂಬಿಎ, ಎಂಸಿಎಗೆ ಎಐಸಿಟಿಇ ಒಪ್ಪಿಗೆಯೂ ಬೇಕು.

3. ಮುಕ್ತಗಂಗೋತ್ರಿಯ ಪಾಠ ನೆನಪಿಡಿ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಶಿಕ್ಷಣ ಶುರು ಮಾಡಿತು. ಆ ಬೇರಿನಿಂದ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಬೆಳೆಯಿತು; ಮುಕ್ತಗಂಗೋತ್ರಿ ಅದರ ಆವರಣ. ಅಷ್ಟು ಹಳೆಯ ಸಂಸ್ಥೆಯ ಮಾನ್ಯತೆಯನ್ನೂ ರಾಜ್ಯದ ವ್ಯಾಪ್ತಿ ಮೀರಿ ತೆರೆದ ಕೇಂದ್ರಗಳಂಥ ಕಾರಣಕ್ಕೆ ಯುಜಿಸಿ 2015ರಲ್ಲಿ ಹಿಂಪಡೆಯಿತು. ಮರಳಿ ಸಿಕ್ಕಿದ್ದು 2018ರಲ್ಲಿ. ನಡುವೆ ನೊಂದವರು ಮಾರ್ಕ್ಸ್‌ಕಾರ್ಡ್ ಹಿಡಿದು ನಿಂತ ವಿದ್ಯಾರ್ಥಿಗಳು. ಹಾಗಾಗಿ ಕಲಿಕಾ ಕೇಂದ್ರವನ್ನು ಹೊರಗಿನ ಏಜೆನ್ಸಿಗೆ ಎಂದೂ ವಹಿಸಬೇಡಿ.

4. ಪುಸ್ತಕವೇ ಮೇಷ್ಟ್ರು. ತರಗತಿಯ ನೋಟ್ಸ್ ಕಟ್ಟಿ ಬೈಂಡ್ ಮಾಡಿದರೆ ಅದು ಸ್ವಯಂ ಕಲಿಕಾ ಸಾಮಗ್ರಿ ಆಗುವುದಿಲ್ಲ. ಒಂದೇ ಕೂತಲ್ಲಿ ಮುಗಿಯುವ ಘಟಕ, ನಡುನಡುವೆ ಪ್ರಶ್ನೆ, ಹಿಂದೆಯೇ ಉತ್ತರ ಇರಲಿ. ಈ ಕಡೆ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ ಮಾತಾಡುವವರಿಗೆ ಕನ್ನಡವೇ ಶಾಲೆಯ ಭಾಷೆ. ಚಿಕ್ಕ ವಾಕ್ಯ ಬರೆಯಿರಿ. ಡೆಬಿಟ್, ಕ್ರೆಡಿಟ್ ಎಂಬ ಬಳಕೆಯ ಮಾತುಗಳನ್ನು ಹಾಗೇ ಬಿಡಿ.

5. ಕ್ಯಾಲೆಂಡರನ್ನು ಕರಾವಳಿಗೆ ಹೊಂದಿಸಿ. ಇದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸೂತ್ರ. ಓದಲು ಬರುವವರಲ್ಲಿ ಕಾರ್ಖಾನೆಯವರಷ್ಟೇ ಅಲ್ಲ, ಮೀನುಗಾರರೂ ಯಕ್ಷಗಾನ ಕಲಾವಿದರೂ ಇರಬಹುದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೋಟುಗಳು ದಡದಲ್ಲಿ. ಯಕ್ಷಗಾನ ಮೇಳಗಳು ಹಂಗಾಮು ಮುಗಿಯುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತವೆ. ರಾತ್ರಿಯಿಡೀ ಕುಣಿದು ಹಗಲು ಮಲಗುತ್ತಿದ್ದ ಕಲಾವಿದರಿಗೂ ಮಳೆಗಾಲದಲ್ಲಿ ಒಂದಿಷ್ಟು ಪುರುಸೊತ್ತು. ಸಂಪರ್ಕ ತರಗತಿಗಳ ದೊಡ್ಡ ಪಾಲನ್ನು ಆ ಎರಡು ತಿಂಗಳಿಗೆ ತನ್ನಿ. ಕಾರ್ಖಾನೆಯವರಿಗೆ ಮಳೆಗಾಲ, ಬೇಸಿಗೆ ಎರಡೂ ಒಂದೇ. ಅವರ ಪಾಳಿ ಸರದಿಯಲ್ಲಿ ಬದಲಾಗುತ್ತದೆ. ಹಾಗಾಗಿ ಒಂದೇ ಪಾಠವನ್ನು ಭಾನುವಾರ ಬೆಳಿಗ್ಗೆ ಒಮ್ಮೆ, ವಾರದ ಸಂಜೆಯೊಂದರಲ್ಲಿ ಇನ್ನೊಮ್ಮೆ ಮಾಡಿ. ರೆಕಾರ್ಡಿಂಗ್ ಇರಲಿ, ಆದರೆ ಅದನ್ನೇ ನೆಚ್ಚಬೇಡಿ. ಮೊಬೈಲ್ ಡೇಟಾ ಕಡಿಮೆ ಇರುವವರಿಗಾಗಿ ಅದರ ಧ್ವನಿ ಮಾತ್ರದ ಪ್ರತಿಯನ್ನೂ ಕೊಡಿ.

6. ಪಕ್ಕದಲ್ಲಿರುವುದನ್ನು ಬಳಸಿ. ಕೇಂದ್ರ ಶಿಕ್ಷಣ ಸಚಿವಾಲಯದ ವರ್ಚುವಲ್ ಲ್ಯಾಬ್ಸ್ ಯೋಜನೆಯಲ್ಲಿ ಎನ್‌ಐಟಿಕೆಯೂ ಪಾಲುದಾರ. ಪ್ರಯೋಗ ಬೇಕಾದ ವಿಷಯವಿದ್ದರೆ ಅಲ್ಲಿನ ಪ್ರಯೋಗಗಳನ್ನು ಮನೆಯಿಂದಲೇ ನೋಡಿ ಕಲಿಯಬಹುದು.

7. ಮೊದಲ ಅಸೈನ್‌ಮೆಂಟ್‌ಗೆ ಮನುಷ್ಯರ ಕೈಬರಹ ಬೇಕು. ಹೆಚ್ಚೆಂದರೆ 30 ಅಂಕ ಆಂತರಿಕ ಮೌಲ್ಯಮಾಪನಕ್ಕೆ, ಉಳಿದ 70 ಪರೀಕ್ಷೆಗೆ. ಆ 30ನ್ನು ಕಣ್ಣುಮುಚ್ಚಿ ಹಂಚುವುದು ವಿದ್ಯಾರ್ಥಿಗೆ ಮಾಡುವ ಅವಮಾನ. ಹತ್ತು ವರ್ಷದ ನಂತರ ಪೆನ್ನು ಹಿಡಿದವರು ತಾವು ಬರೆದದ್ದು ಸರಿಯೇ ಎಂದು ಕಾಯುತ್ತಿರುತ್ತಾರೆ. ಹದಿನೈದು ದಿನದೊಳಗೆ ಎರಡು ಸಾಲಿನ ಟಿಪ್ಪಣಿಯೊಂದಿಗೆ ಹಿಂದಿರುಗಿಸಿ. ಕಳಿಸದವರಿಗೆ ಎಸ್‌ಎಂಎಸ್ ಬೇಡ, ಫೋನ್ ಮಾಡಿ, ‘ಏನಾಯ್ತು ಮಾರಾಯ್ರೆ?’ ಎಂದು ವಿಚಾರಿಸಿ. ಈ ಕೆಲಸಕ್ಕೆಂದೇ ಒಬ್ಬರನ್ನು ಬಜೆಟ್‌ನಲ್ಲಿ ಸೇರಿಸಿ; ಯುಜಿಸಿಗೆ ಸಲ್ಲಿಸುವ ಯೋಜನಾ ವರದಿಯಲ್ಲಿ ವೆಚ್ಚದ ಅಂದಾಜು ಹೇಗೂ ಬರೆಯಬೇಕು.

8. ಪದವಿಯ ಬೆಲೆಯನ್ನು ಕಂಪನಿಗಳಿಗೆ ಮೊದಲೇ ತಿಳಿಸಿ. ಮಾನ್ಯತೆ ಪಡೆದ ದೂರಶಿಕ್ಷಣದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಆ ಪ್ರಕಟಣೆಯ ಪ್ರತಿ, ನಿಮ್ಮ ಮಾನ್ಯತಾ ಪತ್ರ, ಸಿಲಬಸ್ ಮೂರನ್ನೂ ಹಿಡಿದು ಬೈಕಂಪಾಡಿಯ ಕಂಪನಿಗಳ ಎಚ್‌ಆರ್ ಕಚೇರಿಗಳಿಗೆ ಹೋಗಿ. ಬಡ್ತಿಗೆ ಈ ಪದವಿಯನ್ನು ಪರಿಗಣಿಸುತ್ತೀರಾ, ಪರೀಕ್ಷೆಯ ದಿನ ರಜೆ ಕೊಡುತ್ತೀರಾ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಮೊದಲ ಪ್ರವೇಶ ಅರ್ಜಿ ಹಂಚುವ ಮೊದಲೇ ಈ ಕೆಲಸ ಮುಗಿದಿರಲಿ.