ದೇವರನಾಮವೂ ಮಕ್ಕಳ ಸಂಗೀತಶಿಕ್ಷಣವೂ

ಪುಷ್ಯ ಬಹುಳ ಅಮಾವಾಸ್ಯೆಯು ಶ್ರೀ ಪುರಂದರದಾಸರ ಆರಾಧನೆಯ ಪುಣ್ಯದಿನ. ವಿಲೆ ಪಾರ್ಲೆ, ಸಾಂತಾಕ್ರೂಜ್, ಅಂಧೇರಿ ಮೊದಲಾದ ಉಪನಗರಗಳಲ್ಲಿ ನೆಲೆಸಿರುವ ನಮ್ಮ ಕುಟುಂಬಗಳವರು ಅಂದು ಮಕ್ಕಳನ್ನು ಕರೆತಂದು ದೇವರನಾಮಗಳನ್ನು ಹಾಡಿಸುವುದುಂಟು. ಹಾಡುವವರಲ್ಲಿ ಬಹುಪಾಲು ಮಕ್ಕಳು ಐದನೆಯಿಂದ ಎಂಟನೆಯ ತರಗತಿಯವರು. ಪದಗಳು ಬಾಯಿಪಾಠವಾಗಿರುತ್ತವೆ, ಕಂಠವೂ ಇಂಪಾಗಿರುತ್ತದೆ. ತಂದೆತಾಯಿಗಳ ಕಣ್ಣಾಲಿಗಳು ತುಂಬಿ ಬರುತ್ತವೆ. ಇದು ಸಂತೋಷದ ವಿಷಯವೇ ಸರಿ.

ಆದರೆ ಅದೇ ಮಗುವನ್ನು ಮನೆಯಲ್ಲಿ ಒಮ್ಮೆ ಮೆಲ್ಲನೆ ಪರೀಕ್ಷಿಸಿ ನೋಡಬೇಕು. ಶ್ರುತಿಯನ್ನು ಅರ್ಧ ಮನೆ ಇಳಿಸಿ ಅದೇ ಹಾಡನ್ನು ಹಾಡೆನ್ನಿ. ಪಲ್ಲವಿಯನ್ನು ಬಿಟ್ಟು ಎರಡನೆಯ ಚರಣದಿಂದ ತಾಳ ಹಾಕಿಕೊಂಡು ಆರಂಭಿಸೆನ್ನಿ. ಹಾಡು ಯಾವ ಸ್ವರದಿಂದ ಎತ್ತಿಕೊಳ್ಳುತ್ತದೆ ಎಂದು ಕೇಳಿ. ಹತ್ತಾರು ಹಾಡು ಬಲ್ಲ ಮಗುವೂ ಇಲ್ಲಿ ತಡವರಿಸುವುದನ್ನು ನಾವು ಅನೇಕ ಸಲ ಕಂಡಿದ್ದೇವೆ. ಹಿಂದೆ ಕ್ಯಾಸೆಟ್ಟನ್ನು ಕೇಳಿ, ಈಗ ಮೊಬೈಲನ್ನು ಕೇಳಿ ಕಲಿತ ಹಾಡು ಆ ಧ್ವನಿಯ ನೆರಳಾಗಿಯೇ ಉಳಿದುಬಿಡುತ್ತದೆ. ಯಂತ್ರ ನಿಂತರೆ ಹಾಡೂ ನಿಲ್ಲುತ್ತದೆ.

ಈ ವಯಸ್ಸಿನ ಮಕ್ಕಳಿಗೆ ಹಾಡುಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕಿಂತ ಮೊದಲು ಮೂರು ಸಾಮರ್ಥ್ಯಗಳನ್ನು ಕೊಡಬೇಕು: ಶ್ರುತಿಯಲ್ಲಿ ನಿಲ್ಲುವುದು, ತಾಳವನ್ನು ಬಿಡದಿರುವುದು, ಕೇಳಿದ್ದನ್ನು ಬರೆದು ಬರೆದದ್ದನ್ನು ಹಾಡುವುದು. ಈ ಮೂರು ಬಂದ ಮಗು ಮುಂದೆ ಯಾರ ಹಂಗೂ ಇಲ್ಲದೆ ನೂರು ಪದಗಳನ್ನು ತಾನೇ ಕಲಿಯಬಲ್ಲದು. ಇದನ್ನು ಮನೆಯಲ್ಲಿ ಕಲಿಸುವ ಬಗೆಯನ್ನೇ ಈ ಲೇಖನದಲ್ಲಿ ವಿಚಾರಿಸೋಣ.

ದಾಸರು ತೋರಿದ ಕ್ರಮ

ಪುರಂದರದಾಸರ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 1484ರಿಂದ 1564 ಎಂದು ಹೇಳುವರು. ಅವರನ್ನು ‘ಕರ್ನಾಟಕ ಸಂಗೀತ ಪಿತಾಮಹ’ರೆಂದು ಕರೆಯಲು ಅವರ ಪದಗಳ ಹಿರಿಮೆಯೊಂದೇ ಕಾರಣವಲ್ಲ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಪಿಳ್ಳಾರಿ ಗೀತೆ ಎಂಬ ಮೆಟ್ಟಿಲುಗಳನ್ನು ಕಟ್ಟಿಕೊಟ್ಟವರು ಅವರೇ ಎಂಬುದು ಸಂಪ್ರದಾಯದ ನಂಬಿಕೆ. ದಕ್ಷಿಣದಲ್ಲಿ ಇಂದಿಗೂ ಮಕ್ಕಳು ಈ ಮೆಟ್ಟಿಲುಗಳನ್ನೇ ಏರುತ್ತಾರೆ.

ಮೊದಲ ಪಾಠಕ್ಕೆ ಮಾಯಾಮಾಳವಗೌಳ ರಾಗವನ್ನು ಆರಿಸಿರುವುದರಲ್ಲಿಯೂ ಔಚಿತ್ಯವಿದೆ. ಇದು ಎಪ್ಪತ್ತೆರಡು ಮೇಳಗಳಲ್ಲಿ 15ನೆಯದು. ಇದರಲ್ಲಿ ಸ-ರಿ-ಗ-ಮ ಎಂಬ ಪೂರ್ವಾಂಗದ ಅಂತರಗಳು ಹೇಗಿವೆಯೋ ಪ-ದ-ನಿ-ಸ ಎಂಬ ಉತ್ತರಾಂಗದ ಅಂತರಗಳೂ ಹಾಗೆಯೇ ಇವೆ. ರಿಷಭವು ಷಡ್ಜಕ್ಕೂ, ಗಾಂಧಾರವು ಮಧ್ಯಮಕ್ಕೂ ಅಂಟಿಕೊಂಡಂತಿವೆ. ಅರ್ಧವನ್ನು ಕಲಿತ ಮಗುವಿಗೆ ಉಳಿದರ್ಧವು ತಾನಾಗಿ ಒಲಿಯುತ್ತದೆ. ಗೀತೆಗಳ ಮಲಹರಿ ರಾಗವೂ ಈ ಮೇಳದ್ದೇ ಆದ ಕಾರಣ ಮಗು ಅಪರಿಚಿತ ಊರಿಗೆ ಹೋದಂತೆ ಬೆದರುವುದಿಲ್ಲ.

ಹರಿದಾಸರ ರಚನಾಪ್ರಕಾರಗಳೇ ನಮಗೊಂದು ಪಠ್ಯಕ್ರಮವನ್ನು ಒದಗಿಸುತ್ತವೆ ಎಂಬುದು ನಮ್ಮ ಅನುಭವ. ಉಗಾಭೋಗಕ್ಕೆ ತಾಳದ ಕಟ್ಟಿಲ್ಲ. ಅದು ಶ್ರುತಿಯ ಪಾಠ. ಸುಳಾದಿಯಲ್ಲಿ ಒಂದೊಂದು ಖಂಡವು ಒಂದೊಂದು ತಾಳದಲ್ಲಿ ನಡೆದು ಕೊನೆಗೆ ಜತೆಯಲ್ಲಿ ಮುಗಿಯುತ್ತದೆ; ಅದು ತಾಳದ ಪಾಠ. ದೇವರನಾಮದಲ್ಲಿ ಶ್ರುತಿ, ತಾಳ, ಸಾಹಿತ್ಯಗಳು ಕೂಡುತ್ತವೆ. ನಾವಾದರೋ ಮೂರನೆಯದರಿಂದ ತೊಡಗಿ ಮೊದಲಿನ ಎರಡನ್ನು ಮರೆತುಬಿಡುತ್ತೇವೆ.

ಶ್ರುತಿ

ತಂಬೂರಿ ಇಲ್ಲದಿದ್ದರೆ ಶ್ರುತಿಪೆಟ್ಟಿಗೆ ಸಾಕು. ಅದೂ ಇಲ್ಲವಾದರೆ ಮೊಬೈಲಿನಲ್ಲಿ ದೊರೆಯುವ ತಂಬೂರಿಯ ನಾದವೂ ಆಗಬಹುದು. ಈ ವಯಸ್ಸಿನ ಹೆಣ್ಣುಮಕ್ಕಳಿಗೂ, ಧ್ವನಿ ಒಡೆಯದ ಗಂಡುಮಕ್ಕಳಿಗೂ ಐದು ಅಥವಾ ಐದೂವರೆ ಮನೆ ಶ್ರುತಿಯು ಸಾಮಾನ್ಯವಾಗಿ ಹೊಂದುತ್ತದೆ. ಮುಂಬಯಿಯ ಹಾರ್ಮೋನಿಯಂ ವಾದಕರು ಐದೂವರೆ ಮನೆಯನ್ನು ‘ಕಾಳಿ ಚಾರ್’ ಎನ್ನುವರು. ಆದರೂ ಮಗುವಿನ ಕಂಠವೇ ಪ್ರಮಾಣ. ಮೇಲಿನ ಷಡ್ಜದಲ್ಲಿ ಕತ್ತಿನ ನರಗಳು ಬಿಗಿದುಕೊಂಡರೆ ಶ್ರುತಿಯನ್ನು ಇಳಿಸಬೇಕು.

ಮೊದಲು ಒಂದು ನಿಮಿಷ ಬಾಯಿ ಮುಚ್ಚಿ ಕೇಳಲಿ. ಬಳಿಕ ಸ, ಪ, ಮೇಲಿನ ಸ ಎಂಬ ಮೂರನ್ನೇ ಉಸಿರು ಇರುವಷ್ಟು ಹೊತ್ತು ಹಿಡಿಯಲಿ. ನಡುವೆ ಶ್ರುತಿಯ ಧ್ವನಿಯನ್ನು ಕ್ಷಣಕಾಲ ನಿಲ್ಲಿಸಿ, ಮಗು ಹಾಡುತ್ತಿರುವಾಗಲೇ ಮತ್ತೆ ಆರಂಭಿಸಿ. ತಾನು ಸರಿದಿದ್ದೇನೆಯೇ ಎಂಬುದು ಮಗುವಿಗೇ ತಿಳಿಯುತ್ತದೆ. ‘ತಪ್ಪು’ ಎಂದು ನಾವು ಹೇಳುವ ಅಗತ್ಯವೇ ಬೀಳದು. ಪಾರ್ಲೆಯಲ್ಲಿ ತಲೆಯ ಮೇಲೆ ವಿಮಾನ ಹಾದುಹೋಗುವಾಗಲೂ ಈ ಪರೀಕ್ಷೆ ತಾನಾಗಿ ನಡೆಯುತ್ತದೆ. ಸದ್ದು ಅಡಗಿದ ಮೇಲೆ ಸ್ವರ ಇದ್ದಲ್ಲಿಯೇ ಇದೆಯೇ ಎಂದು ನೋಡಿಕೊಂಡರಾಯಿತು. ಕೊನೆಗೆ ಚಿಕ್ಕದೊಂದು ಉಗಾಭೋಗವನ್ನು ಅವಸರವಿಲ್ಲದೆ ಹಾಡಿಸಬೇಕು.

ತಾಳ

ಆದಿತಾಳದಲ್ಲಿ ಎಂಟು ಅಕ್ಷರಗಳು: ಒಂದು ಪೆಟ್ಟು, ಕಿರುಬೆರಳಿನಿಂದ ಮೂರು ಬೆರಳೆಣಿಕೆ, ಮತ್ತೆ ಪೆಟ್ಟು-ಹುಸಿ, ಪೆಟ್ಟು-ಹುಸಿ. ಮೊದಲನೆಯ ಸರಳೆ ವರಸೆಯ ಆರೋಹಣ ಅವರೋಹಣಗಳಲ್ಲಿ ಒಟ್ಟು ಹದಿನಾರು ಸ್ವರಗಳಿವೆ. ಮೊದಲ ಕಾಲದಲ್ಲಿ ಅಕ್ಷರಕ್ಕೊಂದು ಸ್ವರದಂತೆ ಅದಕ್ಕೆ ಎರಡು ಆವರ್ತ ಬೇಕು. ಎರಡನೆಯ ಕಾಲದಲ್ಲಿ ಒಂದು. ಮೂರನೆಯ ಕಾಲದಲ್ಲಿ ಅರ್ಧ. ಆದ್ದರಿಂದ ಮೊದಲ ಕಾಲದಲ್ಲಿ ಒಮ್ಮೆ, ಎರಡನೆಯದರಲ್ಲಿ ಎರಡು ಬಾರಿ, ಮೂರನೆಯದರಲ್ಲಿ ನಾಲ್ಕು ಬಾರಿ ಹಾಡಿದರೆ ಪ್ರತಿಸಲವೂ ಎರಡೆರಡು ಆವರ್ತಗಳಲ್ಲಿ ಮುಗಿಯಬೇಕು. ಕೈ ಬದಲಾಗಬಾರದು, ಬಾಯಿ ಮಾತ್ರ ವೇಗವಾಗಬೇಕು. ಶಾಲೆಯ ಗಣಿತದ ಭಿನ್ನರಾಶಿಯೂ ಇಲ್ಲಿ ಅಂಗೈಯಲ್ಲಿಯೇ ಅರ್ಥವಾಗುತ್ತದೆ.

ಬಳಿಕ ಸುಳಾದಿ ಸಪ್ತತಾಳಗಳ ಅಲಂಕಾರಗಳು. ಪಾಠಕ್ರಮದಲ್ಲಿ ಧ್ರುವಕ್ಕೆ 14, ಮಠ್ಯಕ್ಕೆ 10, ರೂಪಕಕ್ಕೆ 6, ಝಂಪೆಗೆ 10, ತ್ರಿಪುಟಕ್ಕೆ 7, ಅಟ್ಟಕ್ಕೆ 14, ಏಕಕ್ಕೆ 4 ಅಕ್ಷರಗಳು. ಮಠ್ಯ, ಝಂಪೆಗಳೆರಡೂ ಹತ್ತೇ ಆದರೂ ನಡೆ ಬೇರೆ: ಒಂದು 4-2-4, ಇನ್ನೊಂದು 7-1-2. ಈ ಭೇದವನ್ನು ಮಗು ಕೈಯಲ್ಲಿ ಹಾಕಿ ತೋರಿಸಿದ ದಿನ ತಾಳವು ಅದಕ್ಕೆ ಅರ್ಥವಾಯಿತೆಂದು ತಿಳಿಯಬಹುದು. ಹಾಡಲು ಸಾಧ್ಯವಿಲ್ಲದ ಕಡೆಯೂ ತಾಳದ ಅಭ್ಯಾಸಕ್ಕೆ ಅಡ್ಡಿಯಿಲ್ಲ. ಪಾರ್ಲೆಯಿಂದ ದಾದರದವರೆಗೆ ಲೋಕಲ್ ಗಾಡಿಯಲ್ಲಿ ಕುಳಿತು, ಬಾಯಿ ತೆರೆಯದೆ, ಬೆರಳುಗಳಿಂದಲೇ ಎಣಿಸಬಹುದು.

ಲಿಪಿ

ನಮ್ಮ ಮಕ್ಕಳು ಇಂಗ್ಲಿಷ್ ಅಥವಾ ಮರಾಠಿ ಮಾಧ್ಯಮದಲ್ಲಿ ಓದುವವರು. ದೇವರನಾಮಗಳನ್ನು ರೋಮನ್ ಅಕ್ಷರಗಳಲ್ಲಿಯೋ ದೇವನಾಗರಿಯಲ್ಲಿಯೋ ಬರೆದುಕೊಂಡು ಹಾಡುವರು. ಇದರಿಂದ ಆಗುವ ನಷ್ಟ ಅಲ್ಪವಲ್ಲ. ಸಾಮಾನ್ಯ ದೇವನಾಗರಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವದೀರ್ಘಗಳ ಭೇದವಿಲ್ಲ. ಹೀಗಾಗಿ ‘ಕೊಡು’ ಎಂಬುದು ‘ಕೋಡು’ ಆಗುತ್ತದೆ. ಭಗವಂತನಲ್ಲಿ ಭಕ್ತಿಯನ್ನು ಬೇಡುವ ಬದಲು ಕೊಂಬನ್ನು ಕುರಿತು ಹಾಡಿದಂತಾಗುತ್ತದೆ! ‘ಕೆರೆ’ಯ ನೀರು ‘ಕೇರೆ’ ಹಾವಾಗುತ್ತದೆ. ಅರ್ಥದ ಜೊತೆಗೆ ಮಾತ್ರೆಯೂ ಕೆಡುತ್ತದೆ, ಮಾತ್ರೆ ಕೆಟ್ಟಲ್ಲಿ ತಾಳವೂ ತಪ್ಪುತ್ತದೆ.

ಕರ್ನಾಟಕ ಸಂಗೀತದ ಸ್ವರಲಿಪಿಯು ಇದಕ್ಕೆ ಸಹಜವಾದ ಪರಿಹಾರವನ್ನು ಒದಗಿಸುತ್ತದೆ. ಅದರಲ್ಲಿ ‘ಸ’ ಎಂದರೆ ಒಂದು ಎಣಿಕೆ, ‘ಸಾ’ ಎಂದರೆ ಎರಡು. ‘ರಿ’ ಒಂದು, ‘ರೀ’ ಎರಡು. ಅಲ್ಪವಿರಾಮದ ಚಿಹ್ನೆಯು ಒಂದು ಎಣಿಕೆಯ ವಿಸ್ತರಣವನ್ನೂ, ಅರ್ಧವಿರಾಮದ ಚಿಹ್ನೆಯು ಎರಡನ್ನೂ ಸೂಚಿಸುತ್ತವೆ. ಸ್ವರವನ್ನು ಕನ್ನಡದಲ್ಲಿ ಬರೆಯುವ ಮಗು ಹ್ರಸ್ವದೀರ್ಘಗಳನ್ನು ಕಿವಿಯಿಂದಲೇ ಕಲಿಯುತ್ತದೆ. ಏಳು ಸ್ವರಾಕ್ಷರಗಳಿಂದ ತೊಡಗಿದ ಪುಸ್ತಕದಲ್ಲಿ ಒಂದು ವರ್ಷದೊಳಗೆ ಇಡೀ ವರ್ಣಮಾಲೆ ಬಂದು ಸೇರುತ್ತದೆ. ಬೇರೆ ಕನ್ನಡ ಪಾಠಕ್ಕೆ ಬಿಡುವಿಲ್ಲದ ಈ ನಗರದಲ್ಲಿ ಸಂಗೀತದ ಪುಸ್ತಕವೇ ಮಗುವಿನ ಮೊದಲ ಕನ್ನಡ ಪಠ್ಯವಾಗಲಿ ಎಂದು ನಾವು ವಿನಂತಿಸುತ್ತೇವೆ.

ಹಿಂದೂಸ್ತಾನಿ ಗುರುಗಳಲ್ಲಿ ಕಲಿಯುವವರು

ಹತ್ತಿರದಲ್ಲಿ ಕರ್ನಾಟಕ ಸಂಗೀತದ ಶಿಕ್ಷಕರು ದೊರೆಯದಿದ್ದರೆ ಏನು ಮಾಡಬೇಕೆಂದು ಕೆಲವು ತಾಯಂದಿರು ಕೇಳುವುದುಂಟು. ಚಿಂತಿಸಬೇಕಾಗಿಲ್ಲ. ಪಂಡಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ, 1908ರಲ್ಲಿ ಮುಂಬಯಿಗೆ ಬಂದು ಇಲ್ಲಿಯೂ ವಿದ್ಯಾಲಯವನ್ನು ತೆರೆದರು. ಮುಂಬಯಿಯ ವಾಲಕೇಶ್ವರದಲ್ಲಿಯೇ 1860ರಲ್ಲಿ ಜನಿಸಿದ ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರು 1904ರಲ್ಲಿ ದಕ್ಷಿಣದಲ್ಲಿ ಸಂಚರಿಸಿ, ವೆಂಕಟಮಖಿಯ ಮೇಳಪದ್ಧತಿಯನ್ನು ಅಭ್ಯಸಿಸಿ, ಮುಂದೆ ಹಿಂದೂಸ್ತಾನಿ ರಾಗಗಳನ್ನು ಹತ್ತು ಥಾಟ್‌ಗಳಲ್ಲಿ ವಿಂಗಡಿಸಿದರು. ಇಬ್ಬರೂ ಸ್ವರಲಿಪಿಯನ್ನು ರೂಪಿಸಿ ಸಾಮಾನ್ಯ ಕುಟುಂಬಗಳ ಮಕ್ಕಳಿಗೆ ವಿದ್ಯೆಯ ಬಾಗಿಲನ್ನು ತೆರೆದವರು.

ನಮ್ಮ ಮಾಯಾಮಾಳವಗೌಳದ ಸ್ವರಗಳೇ ಅಲ್ಲಿ ಭೈರವ ಥಾಟ್. ಮೋಹನವು ಭೂಪಾಲಿಗೂ, ಹಿಂದೋಳವು ಮಾಲಕಂಸಕ್ಕೂ, ಶುದ್ಧಸಾವೇರಿಯು ದುರ್ಗಾ ರಾಗಕ್ಕೂ ಸ್ವರಗಳಲ್ಲಿ ಸಮಾನ. ಗಮಕ, ನಡೆಗಳು ಮಾತ್ರ ಬೇರೆ. ಗದುಗಿನವರಾದ ಪಂಡಿತ ಭೀಮಸೇನ ಜೋಶಿಯವರು ದಾಸರ ಪದಗಳನ್ನು ಹಿಂದೂಸ್ತಾನಿ ರಾಗಗಳಲ್ಲಿ ಹಾಡಿ ‘ದಾಸವಾಣಿ’ಯನ್ನು ಮನೆಮಾತಾಗಿಸಲಿಲ್ಲವೇ? ಪದ್ಧತಿ ಯಾವುದಾದರೂ ಆಗಲಿ. ಮೇಲೆ ಹೇಳಿದ ಮೂರು ಸಾಮರ್ಥ್ಯಗಳು ಬರುತ್ತಿವೆಯೇ ಎಂಬುದನ್ನು ಪಾಲಕರು ಗಮನಿಸಬೇಕು.

ಧ್ವನಿ ಒಡೆಯುವ ಕಾಲ

ಈಗ ನಾವು ಮಾಡಿದ ಒಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಆರಾಧನೆಯ ದಿನಕ್ಕೆ ಮಕ್ಕಳನ್ನು ಸಿದ್ಧಗೊಳಿಸುವ ಹೊಣೆ ನಮ್ಮ ಮೇಲಿತ್ತು. ಏಳನೆಯ ತರಗತಿಯ ಹುಡುಗನೊಬ್ಬನು ಮೂರು ವರ್ಷಗಳಿಂದ ತಪ್ಪದೆ ಬರುತ್ತಿದ್ದನು. ಆ ವರ್ಷ ಅವನ ಧ್ವನಿ ಒಡೆದಿತ್ತು. “ನೀನು ಹಿಂದಿನ ಸಾಲಿನಲ್ಲಿ ನಿಂತು ಸುಮ್ಮನೆ ತುಟಿ ಅಲ್ಲಾಡಿಸಪ್ಪಾ, ಸಾಕು” ಎಂದೆವು. ಅವನು ಹಾಗೆಯೇ ಮಾಡಿದನು. ಮರುವರ್ಷ ಬರಲಿಲ್ಲ. ವಿಚಾರಿಸಿದಾಗ, “ಈಗ ಮನೆಯಲ್ಲಿಯೂ ಹಾಡುವುದಿಲ್ಲ, ಮಂಗಳಾರತಿಗೂ ಬಾಯಿ ಬಿಡುವುದಿಲ್ಲ” ಎಂದು ಅವನ ತಾಯಿ ಹೇಳಿದರು. ಒಂದು ಗಂಟೆಯ ಕಾರ್ಯಕ್ರಮ ಚೆನ್ನಾಗಿ ನಡೆಯಲೆಂದು ಒಬ್ಬ ಹುಡುಗನ ಹಾಡನ್ನು ನಾವು ನಿಲ್ಲಿಸಿಬಿಟ್ಟಿದ್ದೆವು.

ಸುಮಾರು ಹನ್ನೆರಡರಿಂದ ಹದಿನಾಲ್ಕರ ವಯಸ್ಸಿನಲ್ಲಿ ಗಂಡುಮಕ್ಕಳ ಧ್ವನಿಪೆಟ್ಟಿಗೆ ಬೆಳೆದು ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ. ಕಂಠವು ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹೆಣ್ಣುಮಕ್ಕಳ ಧ್ವನಿಯೂ ಒಂದೆರಡು ಸ್ವರ ಇಳಿದು ಕೆಲಕಾಲ ಮಸುಕಾಗುವುದುಂಟು. ಇದು ರೋಗವಲ್ಲ, ಬೆಳವಣಿಗೆ. ಕೆಲವು ತಿಂಗಳುಗಳಿಂದ ಒಂದೆರಡು ವರ್ಷಗಳಲ್ಲಿ ಕಂಠವು ನೆಲೆಗೊಳ್ಳುತ್ತದೆ. ಆ ಅವಧಿಯಲ್ಲಿ ಬಲವಂತದಿಂದ ಮೇಲಿನ ಸ್ವರಗಳನ್ನು ಹಾಡಿಸಬಾರದು. ಹಾಡನ್ನು ಬಿಡಿಸಲೂ ಬಾರದು. ಶ್ರುತಿಯನ್ನು ಇಳಿಸಿ, ಸ-ದಿಂದ ಪ-ವರೆಗಿನ ಐದು ಸ್ವರಗಳಲ್ಲಿ ದಿನಕ್ಕೆ ಹತ್ತು ನಿಮಿಷ ಮೆಲುದನಿಯಲ್ಲಿ ಹಾಡಿಸಿದರೆ ಸಾಕು. ಉಳಿದ ಸಮಯದಲ್ಲಿ ತಾಳ ಹಾಕುವುದು, ಸ್ವರ ಬರೆಯುವುದು, ಹಾರ್ಮೋನಿಯಂ ಅಥವಾ ಮೃದಂಗದ ಅಭ್ಯಾಸ. ಆರಾಧನೆಯ ದಿನ ಅವನ ಕೈಗೆ ತಾಳಗಳನ್ನು ಕೊಟ್ಟು ಮುಂದಿನ ಸಾಲಿನಲ್ಲಿಯೇ ಕೂಡಿಸಬೇಕು. ಇಡೀ ಭಜನೆಯ ನಡೆ ಅವನ ಕೈಯಲ್ಲಿರುವಾಗ ತಾನು ಬೇಡವಾದವನೆಂದು ಅವನಿಗೆ ಅನಿಸದು. ಇದನ್ನು ಅಂದು ನಾವು ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು!

ಈ ತಿಂಗಳ ಅಭ್ಯಾಸ

ದಿನಕ್ಕೆ ಅರ್ಧ ಗಂಟೆ ಸಾಕು: ಶ್ರುತಿಗೆ ಐದು ನಿಮಿಷ, ವರಸೆಗಳಿಗೆ ಹತ್ತು, ತಾಳಕ್ಕೆ ಐದು, ಬರಹಕ್ಕೆ ಐದು, ಹಾಡಿಗೆ ಐದು. ಪಾಲಕರು ಜೊತೆಗೆ ಕುಳಿತು ಮಗುವಿನಿಂದ ಈ ನಾಲ್ಕನ್ನು ಮಾಡಿಸಲಿ.

1. ಬಲ್ಲ ಒಂದು ದೇವರನಾಮವನ್ನು ಬೇರೆ ಬೇರೆ ಎರಡು ಶ್ರುತಿಗಳಲ್ಲಿ ಹಾಡಬೇಕು.

2. ಅದರ ಪಲ್ಲವಿಯನ್ನು ಬಾಯಲ್ಲಿ ಹಾಡದೆ ಮನಸ್ಸಿನಲ್ಲಿಯೇ ಹೇಳಿಕೊಂಡು, ತಾಳ ಮಾತ್ರ ಹಾಕಿ, ಅನುಪಲ್ಲವಿಯನ್ನು ಸರಿಯಾದ ಸ್ಥಳದಲ್ಲಿ ಎತ್ತಿಕೊಳ್ಳಬೇಕು.

3. ಪಾಲಕರು ಹಾಡಿದ ಐದು ಸ್ವರಗಳ ಗುಂಪನ್ನು ಕೇಳಿ ಕನ್ನಡದಲ್ಲಿ ಬರೆಯಬೇಕು.

4. ಹಾಡಿನ ಒಂದು ಚರಣವನ್ನು ಕನ್ನಡ ಲಿಪಿಯಲ್ಲಿ ಬರೆದು, ಅದರ ಅರ್ಥವನ್ನು ಮನೆಯ ಹಿರಿಯರಿಗೆ ಹೇಳಬೇಕು.

ಈ ನಾಲ್ಕರಲ್ಲಿ ಎರಡು ಬಂದರೂ ತಿಂಗಳು ಸಾರ್ಥಕ. ಅಜ್ಜಿಯರು ನಸುಕಿನಲ್ಲಿ ರಂಗೋಲಿ ಹಾಕುತ್ತ ಹಾಡಿಕೊಳ್ಳುತ್ತಿದ್ದಾಗ ಅವರಿಗೆ ವೇದಿಕೆಯೂ ಇರಲಿಲ್ಲ, ಯಂತ್ರವೂ ಇರಲಿಲ್ಲ. ಹಾಡು ಅವರದೇ ಆಗಿತ್ತು. ನಮ್ಮ ಮಕ್ಕಳಿಗೂ ಹಾಡು ಹಾಗೆ ತಮ್ಮದಾಗಲಿ.

ಶ್ರೀಕೃಷ್ಣಾರ್ಪಣಮಸ್ತು