ಹವಾಯಿ ಭಾಷೆಗೆ ಕನ್ನಡದ ದಾರಿ

ಹೊನೊಲುಲುವಿನಲ್ಲಿ ಹವಾಯಿ ಭಾಷೆ ಕಲಿಯಲು ಹೊರಟವರು ಮೊದಲ ಪದಗಳಿಗಾಗಿ ಪುಸ್ತಕ ತೆರೆಯಬೇಕಾಗಿಲ್ಲ. ಇಲ್ಲಿನ ಜನ ಇಂಗ್ಲಿಷಿನಲ್ಲಿ ದಾರಿ ಹೇಳುವಾಗಲೂ ಬೆಟ್ಟದ ಕಡೆಗೆ “ಮೌಕ”, ಕಡಲ ಕಡೆಗೆ “ಮಕೈ” ಅನ್ನುತ್ತಾರೆ. ಮಕ್ಕಳು “ಕೆಇಕಿ”, ಹಿರಿಯರು “ಕೂಪುನ”, ಕೆಲಸ ಮುಗಿದ ಹೊತ್ತು “ಪೌ ಹನ”. ನೌಕರಿಗಾಗಿ ಈ ಊರಿಗೆ ಬಂದ ನನ್ನ ಕಿವಿಗೆ ಈ ಪದಗಳೆಲ್ಲ ತಾವಾಗಿಯೇ ಬಿದ್ದವು. ಆದರೆ ಬಿಡಿ ಪದಗಳಿಂದ ಭಾಷೆ ಬರುವುದಿಲ್ಲ. ವಾಕ್ಯ ಕಟ್ಟುವುದನ್ನು ಕಲಿಯಲೆಂದು ಒಂದು ಸಂಜೆ ತರಗತಿಗೆ ಸೇರಿದೆ. ಅಲ್ಲಿ ನಾನು ಕಂಡುಕೊಂಡದ್ದು ಇಷ್ಟು: ಹವಾಯಿ ಭಾಷೆಯನ್ನು ಇಂಗ್ಲಿಷಿನ ಮೂಲಕ ಕಲಿಯುವುದಕ್ಕಿಂತ ಕನ್ನಡದ ಮೂಲಕ ಕಲಿಯುವುದು ನಮಗೆ ಎಷ್ಟೋ ಸುಲಭ.

ಮೊದಲು ಲಿಪಿಯ ಮಾತು. ಕ್ರೈಸ್ತ ಮಿಷನರಿಗಳು 1826ರ ಹೊತ್ತಿಗೆ ಈ ಭಾಷೆಗೆ ರೋಮನ್ ಅಕ್ಷರಮಾಲೆಯನ್ನು ನಿಗದಿ ಮಾಡಿದರು. ಸ್ವರಗಳು ಐದು, ಪ್ರತಿಯೊಂದಕ್ಕೂ ಹ್ರಸ್ವ ದೀರ್ಘ ಎರಡೂ ಉಂಟು. ಅ ಆ, ಇ ಈ, ಉ ಊ ಮಾತ್ರವಲ್ಲ, ಎ ಏ, ಒ ಓ ಕೂಡ. ಹಿಂದಿಯ ಲಿಪಿಯಲ್ಲಿ ಸಿಗದ ಹ್ರಸ್ವ ಎ, ಒ ನಮ್ಮಲ್ಲಿ ಸಿದ್ಧವಾಗಿಯೇ ಇವೆ. ಹಾಗಾಗಿ ನೋಟ್‌ಬುಕ್ಕಿನಲ್ಲಿ ಪ್ರತಿ ಪದದ ಪಕ್ಕ ಕನ್ನಡದಲ್ಲೂ ಬರೆದುಕೊಳ್ಳತೊಡಗಿದೆ. “ಕಲ” ಎಂದರೆ ಕ್ಷಮಿಸು, “ಕಾಲಾ” ಎಂದರೆ ದುಡ್ಡು. ಬೇರೆಯವರು ಅಕ್ಷರದ ನೆತ್ತಿಯ ಮೇಲಿನ ಗೆರೆಯನ್ನು ನೆನಪಿಟ್ಟುಕೊಳ್ಳಬೇಕಾದ ಕಡೆ ನನಗೆ ದೀರ್ಘ ಕಣ್ಣಿಗೇ ಕಾಣುತ್ತಿತ್ತು. ವ್ಯಂಜನಗಳು ಎಂಟೇ: ಹ, ಕ, ಲ, ಮ, ನ, ಪ, ವ ಮತ್ತು ʻಒಕಿನ. ಈ ಕೊನೆಯದು ಗಂಟಲಲ್ಲಿ ಉಸಿರನ್ನು ಕ್ಷಣಮಾತ್ರ ತಡೆದು ಬಿಟ್ಟಾಗ ಹುಟ್ಟುವ ಧ್ವನಿ. ಅದೊಂದಕ್ಕೆ ಮಾತ್ರ ಅಭ್ಯಾಸ ಬೇಕು. “ಮೊಅ” ಎಂದರೆ ಕೋಳಿ, “ಮೊʻಅ” ಎಂದರೆ ಬೆಂದದ್ದು. “ಉಅ ಮೊʻಅ ಕ ಮೊಅ”, ಕೋಳಿ ಬೆಂದಿದೆ. ಈ ಒಂದು ವಾಕ್ಯವನ್ನು ಗಟ್ಟಿಯಾಗಿ ಹೇಳಿಕೊಂಡೇ ನನ್ನ ಗಂಟಲು ಪಳಗಿತು.

ಹವಾಯಿಯ ಪದಗಳೆಲ್ಲ ಸ್ವರದಲ್ಲೇ ಮುಗಿಯುತ್ತವೆ, ಒತ್ತಕ್ಷರವೂ ಇಲ್ಲ. ಹೊರಗಿನಿಂದ ಬಂದ ಪದಕ್ಕೆ ನಾವು ಕೊನೆಯಲ್ಲಿ ಉಕಾರ ಹಚ್ಚಿ ಸ್ಕೂಲು, ಬುಕ್ಕು ಎಂದ ಹಾಗೆ ಅವರು “ಕುಲ”, “ಪುಕೆ” ಎಂದರು.

ವಾಕ್ಯರಚನೆಗೆ ಬಂದಾಗ ಕನ್ನಡ ಇನ್ನಷ್ಟು ನೆರವಾಯಿತು. “ಅವರು ಶಿಕ್ಷಕಿ” ಎಂಬ ನಮ್ಮ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ. “ಹೆ ಕುಮು ʻಒ ಇಅ” ಎಂಬ ಅವರ ವಾಕ್ಯದಲ್ಲೂ ಇಲ್ಲ. ಇಂಗ್ಲಿಷಿನ “ಈಸ್” ಎಲ್ಲಿ ಬಂತು ಎಂದು ಹುಡುಕುತ್ತ ಕೂತವರು ಇಲ್ಲಿ ಬಹಳ ಹೊತ್ತು ನಿಂತುಬಿಡುತ್ತಾರೆ. ಇಂಗ್ಲಿಷಿನ “ಹ್ಯಾವ್”ಗೆ ಸಮನಾದ ಕ್ರಿಯಾಪದವೂ ಎರಡೂ ಭಾಷೆಗಳಲ್ಲಿ ಇಲ್ಲ. ನಾವು “ನನ್ನದೊಂದು ಕಾರಿದೆ” ಅನ್ನುತ್ತೇವೆ, ಅವರು “ಹೆ ಕʻಅ ಕೊʻಉ” ಎಂದು ಕಾರನ್ನೂ ನನ್ನದನ್ನೂ ಪಕ್ಕಪಕ್ಕ ಇಡುತ್ತಾರೆ.

ಕನ್ನಡಕ್ಕಿಂತ ಬೇರೆಯಾದದ್ದು ಕ್ರಿಯಾಪದದ ಜಾಗ. ನಮ್ಮಲ್ಲಿ ಅದು ಕೊನೆಗೆ, ಅಲ್ಲಿ ಮೊದಲಿಗೆ. “ಉಅ ಹೆಲೆ ಔ ಇ ಕೆ ಕುಲ” ಎಂದರೆ ನಾನು ಶಾಲೆಗೆ ಹೋದೆ. ಆದರೆ “ಹೋದೆ ನಾನು ಶಾಲೆಗೆ” ಎಂದರೂ ಕನ್ನಡದ ಕಿವಿಗೆ ಅಪರಿಚಿತವಲ್ಲ. ವಿಭಕ್ತಿಗಳು ಕೈಯಲ್ಲಿರುವುದರಿಂದ ಪದಗಳನ್ನು ಹಿಂದೆ ಮುಂದೆ ಮಾಡುವುದು ನಮಗೆ ರೂಢಿ. ಮೇಲಾಗಿ ಅಲ್ಲಿ ಹೋದ, ಹೋದಳು, ಹೋದರು ಎಂಬ ರೂಪಭೇದಗಳಿಲ್ಲ. “ಹೆಲೆ” ಇದ್ದ ಹಾಗೇ ಇರುತ್ತದೆ. ಆದದ್ದಕ್ಕೆ ಮುಂದೆ “ಉಅ”, ಈಗ ಆಗುತ್ತಿರುವುದಕ್ಕೆ “ಕೆ ಹೆಲೆ ನೆಇ”, ಮುಂದೆ ಆಗಲಿರುವುದಕ್ಕೆ “ಎ ಹೆಲೆ ಅನ”. ಪದಪಟ್ಟಿ ಉರು ಹೊಡೆಯುವುದನ್ನು ಬಿಟ್ಟು, ಈ ಒಂದು ಚೌಕಟ್ಟಿನಲ್ಲಿ ಹೋಗುವ ಜಾಗವನ್ನು ಮಾತ್ರ ಬದಲಿಸುತ್ತ ಹೋದೆ: ಶಾಲೆ, ಮನೆ, ಅಂಗಡಿ, ಕಡಲತೀರ. ಹೊಸ ಪದ ವಾಕ್ಯದೊಳಗೇ ಬಂದು ಕೂತರೆ ಮರೆಯುವುದಿಲ್ಲ. ನಾಮಪದವನ್ನು ಕಲಿಯುವಾಗ ಅದರ ಹಿಂದಿನ, ಇಂಗ್ಲಿಷಿನ “ದ” ಇದ್ದ ಹಾಗಿನ “ಕ” ಅಥವಾ “ಕೆ” ಸಮೇತ ಕಲಿಯಬೇಕು ಎಂಬುದು ಇದರ ಜೊತೆಗೇ ತಿಳಿದ ಪಾಠ. ಕ, ಎ, ಅ, ಒ ಧ್ವನಿಗಳಿಂದ ಶುರುವಾಗುವ ಪದಕ್ಕೆ ಸಾಮಾನ್ಯವಾಗಿ “ಕೆ”. ಆದರೆ ಅಪವಾದಗಳೂ ಇವೆ, ಜೋಡಿಯಾಗಿ ಕಲಿತರೆ ಆ ಚಿಂತೆಯಿಲ್ಲ.

“ನಾವು” ಎನ್ನುವಲ್ಲಿ ಮಾತ್ರ ನಿಧಾನಿಸಲೇಬೇಕು. ಕೇಳುವವರನ್ನೂ ಸೇರಿಸಿಕೊಂಡ ನಾವು “ಕಾಕೊಉ”, ಅವರನ್ನು ಬಿಟ್ಟ ನಾವು “ಮಾಕೊಉ”. ಇಬ್ಬರೇ ಇದ್ದರೆ “ಕಾಉಅ”, “ಮಾಉಅ”. ಇಂದಿನ ಕನ್ನಡದಲ್ಲಿ ಈ ಭೇದವಿಲ್ಲ. ಆದರೆ ಬಳ್ಳಾರಿಯಲ್ಲಿ ಬೆಳೆದ ನನ್ನ ಕಿವಿಯಲ್ಲಿ ತೆಲುಗಿನ ಮನಮು, ಮೇಮು ಇದ್ದವು, ತಟ್ಟನೆ ಹೊಂದಿಕೊಂಡವು. ತರಗತಿಯಲ್ಲಿ ತಿಂಡಿ ಹಂಚುವಾಗ ಕುಮು, ಅಂದರೆ ನಮ್ಮ ಶಿಕ್ಷಕಿ, “ಎ ʻಐ ಕಾಕೊಉ” ಅನ್ನುತ್ತಿದ್ದರು. ಎಲ್ಲರೂ ತಿನ್ನೋಣ, ನೀನೂ ಸೇರಿ, ಎಂಬುದಕ್ಕೆ ಬೇರೆ ಮಾತು ಬೇಕಿರಲಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು “ನನ್ನ” ಎಂಬುದರ ಎರಡು ರೂಪ. ಒಂದು ದಿನ ಕುಮು ಮನೆಯವರ ಫೋಟೊ ತರಲು ಹೇಳಿದರು. ಅಮ್ಮನನ್ನು ತೋರಿಸಿ “ಕೊʻಉ ಮಕುಅಹಿನೆ” ಅನ್ನಬೇಕು, ಮಗಳನ್ನು ತೋರಿಸಿ “ಕʻಉ ಕೆಇಕಿ”. ಪುಸ್ತಕ “ಕʻಉ”, ಮನೆ “ಕೊʻಉ”. ತಾಯಿತಂದೆ, ಮೈ, ಹೆಸರು, ಹುಟ್ಟಿದ ನೆಲ ನಾವು ಆರಿಸಿಕೊಂಡವಲ್ಲ, ಅವು “ಕೊʻಉ”. ನಾವು ಒಳಹೊಕ್ಕುವ ಮನೆ, ಏರುವ ದೋಣಿ, ತೊಡುವ ಬಟ್ಟೆಯೂ ಅದೇ ಸಾಲಿಗೆ. ಗಂಡ, ಹೆಂಡತಿ, ಮಕ್ಕಳು, ಕೆಲಸ, ಊಟ “ಕʻಉ” ಕಡೆಗೆ. ಯಾವುದು ನನಗೆ ಒದಗಿ ಬಂದದ್ದು, ಯಾವುದು ನನ್ನಿಂದ ಆದದ್ದು ಎಂದು ಮಾತಾಡುವ ಮೊದಲೇ ತೂಗಿ ನೋಡುವಂತೆ ಈ ವ್ಯಾಕರಣ ಮಾಡುತ್ತದೆ.

ನನ್ನ ಜೊತೆ ಕೂತವರಲ್ಲಿ ಹೆಚ್ಚಿನವರು ಹವಾಯಿ ಮೂಲದವರೇ. ಅಜ್ಜಿಗೆ ಬರುತ್ತಿದ್ದ ಭಾಷೆಯನ್ನು ಮೊಮ್ಮಕ್ಕಳು ತರಗತಿಯಲ್ಲಿ ಕಲಿಯುತ್ತಿದ್ದರು. 1834ರಲ್ಲೇ ಸ್ವಂತ ಭಾಷೆಯ ಪತ್ರಿಕೆ ಕಂಡ ಜನ ಇವರು. 1893ರಲ್ಲಿ ರಾಣಿ ಲಿಲಿʻಉಒಕಲಾನಿಯನ್ನು ಪದಚ್ಯುತಗೊಳಿಸಿದ ಮೇಲೆ, 1896ರ ಕಾನೂನು ಶಾಲೆಗಳಲ್ಲಿ ಇಂಗ್ಲಿಷನ್ನೇ ಬೋಧನಾ ಭಾಷೆಯಾಗಿಸಿತು. ಮಕ್ಕಳು ಮನೆಮಾತು ಆಡಿದ್ದಕ್ಕೆ ಶಿಕ್ಷೆ ಪಡೆದರು, ಅದನ್ನು ಉಂಡವರು ತಮ್ಮ ಮಕ್ಕಳಿಗೆ ಭಾಷೆ ದಾಟಿಸಲಿಲ್ಲ. 1978ರಲ್ಲಿ ಅದು ಮತ್ತೆ ರಾಜ್ಯದ ಅಧಿಕೃತ ಭಾಷೆಯಾಯಿತು. 1984ರಲ್ಲಿ ಕಉಅʻಇ ದ್ವೀಪದ ಕೆಕಹದಲ್ಲಿ ಮೊದಲ “ಪೂನನ ಲೆಒ” ಶಿಶುವಿಹಾರ ಶುರುವಾಯಿತು, ಅಲ್ಲಿ ಇಡೀ ದಿನ ಹವಾಯಿ ಭಾಷೆಯೇ. ಈ ಚರಿತ್ರೆ ತಿಳಿದ ಮೇಲೆ ಈ ಭಾಷೆಯನ್ನು ಪ್ರವಾಸಿಯ ಅಲಂಕಾರದಂತೆ ಆಡಲು ಮನಸ್ಸು ಒಪ್ಪುವುದಿಲ್ಲ. ಕಡಿಮೆ ಆಡಿದರೂ ಉಚ್ಚಾರ ಸರಿಯಾಗಿರಲಿ, ಊರ ಹೆಸರುಗಳನ್ನು ಅವರ ಹಾಗೇ ಹೇಳೋಣ ಎನ್ನಿಸುತ್ತದೆ.

ಆ ಶಿಶುವಿಹಾರಗಳಲ್ಲಿ ಒಂದು ಕಟ್ಟುನಿಟ್ಟು ಇದೆ: ಮಗುವನ್ನು ಸೇರಿಸಿದ ತಂದೆತಾಯಿಯೂ ಭಾಷೆ ಕಲಿಯಬೇಕು. ಕನ್ನಡದಿಂದ ಹವಾಯಿಗೆ ದಾರಿ ಮಾಡಿಕೊಂಡ ನನಗೆ ಅಲ್ಲಿಂದ ಕನ್ನಡಕ್ಕೆ ಮರಳಿ ಸಿಕ್ಕ ಪಾಠ ಇದು. ಹೊರದೇಶದಲ್ಲಿ ನಾವು ಮಕ್ಕಳನ್ನು ವಾರಕ್ಕೊಮ್ಮೆ ಕನ್ನಡ ತರಗತಿಗೆ ಕಳಿಸಿ, ಮನೆಯಲ್ಲಿ ಇಂಗ್ಲಿಷ್ ಆಡುತ್ತೇವೆ. ಈಗ ನಮ್ಮ ಅಡುಗೆಮನೆಯಲ್ಲಿ ಮಗಳ ಜೊತೆ ಅದೇ ಚೌಕಟ್ಟಿನ ಆಟ ಕನ್ನಡದಲ್ಲಿ ನಡೆಯುತ್ತದೆ: ಉಪ್ಪು ಕೊಡು, ಸೌಟು ಕೊಡು, ತಟ್ಟೆ ಕೊಡು. ಅಕ್ಷರಮಾಲೆ ಆಮೇಲೆ ಬರಲಿ, ಮೊದಲು ವಾಕ್ಯ ಬಾಯಿಗೆ ಬರಲಿ. ಮಗುವಿಗೆ ಭಾಷೆ ಬೇಕೆಂದರೆ ದೊಡ್ಡವರು ದಿನವೂ ಅದನ್ನು ಆಡಲೇಬೇಕು.